ಇರುಳ ಬೇಟೆಗೆ ಹಗಲಿನ ನಕ್ಷೆ

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಉತ್ತರ ಭಾಗದಲ್ಲಿ ಲ್ಯಾಕ್ ಡು ಫ್ಲಾಂಬೊ ಎಂಬ ಊರಿದೆ. ಹೆಸರು ಫ್ರೆಂಚ್ ಭಾಷೆಯದು. ಅರ್ಥ ‘ಪಂಜಿನ ಸರೋವರ’. ತುಪ್ಪಳದ ವ್ಯಾಪಾರಕ್ಕೆ ಬಂದ ಫ್ರೆಂಚರು ರಾತ್ರಿ ಹೊತ್ತು ನೀರಿನ ಮೇಲೆ ದೋಣಿಗಳಲ್ಲಿ ಉರಿಯುತ್ತಿದ್ದ ಪಂಜುಗಳನ್ನು ಕಂಡು ಇಟ್ಟ ಹೆಸರು ಅದು. ಅಲ್ಲಿನ ಮೂಲನಿವಾಸಿಗಳಾದ ಓಜಿಬ್ವೆ ಜನ ತಮ್ಮ ಭಾಷೆಯಲ್ಲಿ ಆ ಜಾಗವನ್ನು ವಾಸ್ವಾಗನಿಂಗ್ ಎನ್ನುತ್ತಾರೆ. ಅದೂ ಪಂಜಿಗೆ ಸಂಬಂಧಿಸಿದ ಹೆಸರೇ. ಪಂಜಿನ ಬೆಳಕಿನಲ್ಲಿ ಅವರು ಮೀನು ಹಿಡಿಯುತ್ತಿದ್ದರು, ಜಿಂಕೆಯನ್ನೂ ಬೇಟೆಯಾಡುತ್ತಿದ್ದರು.

ಇದೇ ಜನ 2012ರ ನವೆಂಬರ್‌ನಲ್ಲಿ ರಾತ್ರಿ ಜಿಂಕೆ ಬೇಟೆಗೆ ತಾವೇ ಒಂದು ನಿಯಮಾವಳಿ ರಚಿಸಿ ಹೊರಡಿಸಿದರು. ರಾಜ್ಯ ಸರ್ಕಾರ ಕೂಡಲೇ ನ್ಯಾಯಾಲಯದ ಮೊರೆ ಹೋಯಿತು. ಕತ್ತಲಲ್ಲಿ ಕೋವಿ ಹಿಡಿದು ಓಡಾಡುವುದು ಅಪಾಯ, ಜನ ಸಾಯುತ್ತಾರೆ ಎಂಬುದು ಸರ್ಕಾರದ ವಾದ. ಅಪಾಯವಾಗದ ಹಾಗೆ ಬೇಟೆಯಾಡಲು ನಮಗೆ ಗೊತ್ತು, ನಮ್ಮ ನಿಯಮಗಳನ್ನು ಓದಿ ನೋಡಿ ಎಂಬುದು ಬುಡಕಟ್ಟುಗಳ ಉತ್ತರ. ಮೇಲ್ನೋಟಕ್ಕೆ ಇದು ಕೋವಿ ಮತ್ತು ದೀಪದ ಜಗಳ. ಒಳಹೊಕ್ಕರೆ 1837ರ ಒಂದು ಒಪ್ಪಂದದವರೆಗೆ ಹೋಗುತ್ತದೆ. ಆ ಒಪ್ಪಂದದಂತೆ ಬದುಕುವಾಗ ಬೇಟೆಯ ನಿಯಮ ಬರೆಯುವವರು ಯಾರು ಎಂಬುದೇ ನಿಜವಾದ ಪ್ರಶ್ನೆಯಾಗಿತ್ತು.

ಓಜಿಬ್ವೆ ಜನರ ಬಗ್ಗೆ ಎರಡು ಮಾತು. ಶಾಲೆಯ ಪುಸ್ತಕಗಳಲ್ಲಿ ನಾವು ‘ರೆಡ್ ಇಂಡಿಯನ್’ ಎಂದು ಓದಿದವರಲ್ಲಿ ಇವರೂ ಸೇರುತ್ತಾರೆ; ಆ ಹೆಸರು ಅವರಿಗೆ ಇಷ್ಟವಿಲ್ಲ. ಸರ್ಕಾರಿ ಕಾಗದಪತ್ರಗಳಲ್ಲಿ ಅವರು ಚಿಪ್ಪೆವಾ, ತಮ್ಮ ಮಾತಿನಲ್ಲಿ ಅನಿಶಿನಾಬೆ. ಸುಪೀರಿಯರ್ ಎಂಬ ಕಡಲಿನಂಥ ಸರೋವರದ ಸುತ್ತ, ಇಂದಿನ ವಿಸ್ಕಾನ್ಸಿನ್, ಮಿನ್ನೆಸೋಟ, ಮಿಷಿಗನ್ ರಾಜ್ಯಗಳಲ್ಲೂ ಕೆನಡಾದಲ್ಲೂ ಹರಡಿಕೊಂಡಿದ್ದಾರೆ. ಮೀನು, ಜಿಂಕೆ, ಮೇಪಲ್ ಮರದ ಸಕ್ಕರೆ, ಸರೋವರಗಳಲ್ಲಿ ತಾನೇ ಬೆಳೆಯುವ ಮನೂಮಿನ್ ಎಂಬ ಕಾಡುಭತ್ತ, ಇವು ಅವರ ಆಹಾರ. ಜಿಂಕೆಗೆ ಅವರ ಹೆಸರು ವಾವಾಶ್ಕೇಶಿ. ಮಾಂಸ ಊಟಕ್ಕೆ, ಚರ್ಮ ಬಟ್ಟೆಗೆ ಮತ್ತು ಪಾದರಕ್ಷೆಗೆ, ನರ ಹೊಲಿಗೆಯ ದಾರಕ್ಕೆ ಬರುತ್ತಿತ್ತು. ಪ್ರಾಣಿಯನ್ನು ತೆಗೆದುಕೊಳ್ಳುವಾಗ ನೆಲಕ್ಕೆ ಚಿಟಿಕೆ ಹೊಗೆಸೊಪ್ಪು ಅರ್ಪಿಸುವ ಪದ್ಧತಿ ಈಗಲೂ ಇದೆ. ಹುಡುಗನೊಬ್ಬ ಮೊದಲ ಬಾರಿಗೆ ಬೇಟೆ ಹೊಡೆದರೆ ಆ ಮಾಂಸವನ್ನು ಮನೆಯಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ. ಹಿರಿಯರನ್ನೂ ನೆಂಟರಿಷ್ಟರನ್ನೂ ಕರೆದು ಬಡಿಸಬೇಕು.

ಕಣ್ಣಿನ ಹೊಳಪು

ಬಂಡೀಪುರದ ಕಡೆ ಮುಸ್ಸಂಜೆಯಲ್ಲಿ ಬಸ್ಸಿನಲ್ಲಿ ಹೋದವರಿಗೆ ರಸ್ತೆಯಂಚಿನಲ್ಲಿ ಜೋಡಿ ದೀಪಗಳಂತೆ ಹೊಳೆಯುವ ಕಣ್ಣುಗಳು ನೆನಪಿರಬಹುದು. ಜಿಂಕೆ, ದನ, ಬೆಕ್ಕು ಮೊದಲಾದ ಪ್ರಾಣಿಗಳ ಕಣ್ಣಿನ ಹಿಂಭಾಗದಲ್ಲಿ ಕನ್ನಡಿಯಂಥ ಒಂದು ಪದರವಿದೆ. ಒಳಗೆ ಹೋದ ಬೆಳಕನ್ನು ಅದು ಮತ್ತೆ ಹಿಂದಕ್ಕೆ ಕಳಿಸುತ್ತದೆ. ಮಂದ ಬೆಳಕಿನಲ್ಲಿ ಕಾಣಲೆಂದು ಪ್ರಕೃತಿ ಕೊಟ್ಟ ಈ ಸೌಲಭ್ಯವೇ ಬೇಟೆಗಾರನಿಗೆ ಅವುಗಳನ್ನು ಹಿಡಿದುಕೊಡುತ್ತದೆ.

ಓಜಿಬ್ವೆಗಳ ಹಳೆಯ ವಿಧಾನ ಸರಳವಾಗಿತ್ತು. ಬೇಸಿಗೆಯ ರಾತ್ರಿಗಳಲ್ಲಿ ಜಿಂಕೆಗಳು ನೊಣ, ಸೊಳ್ಳೆಗಳ ಕಾಟ ತಪ್ಪಿಸಿಕೊಳ್ಳಲು ಮತ್ತು ನೀರಿನ ಗಿಡಗಳನ್ನು ಮೇಯಲು ಸರೋವರದ ದಂಡೆಗೆ ಇಳಿಯುತ್ತವೆ. ಬರ್ಚ್ ಮರದ ತೊಗಟೆಯಿಂದ ಮಾಡಿದ ಹಗುರ ದೋಣಿಯ ಮುಂತುದಿಯಲ್ಲಿ ಪಂಜು ಉರಿಸಿ, ಅದರ ಹಿಂದೆ ತೊಗಟೆಯದೇ ಒಂದು ಮರೆ ಕಟ್ಟುತ್ತಿದ್ದರು. ಬೆಳಕೆಲ್ಲ ಮುಂದಕ್ಕೆ, ಬೇಟೆಗಾರ ಕತ್ತಲಲ್ಲಿ. ಒಬ್ಬ ಸದ್ದಿಲ್ಲದೆ ಹುಟ್ಟು ಹಾಕುತ್ತಾನೆ. ಜಿಂಕೆ ಓಡುವುದರ ಬದಲು ಬೆಳಕನ್ನೇ ನೋಡುತ್ತ ನಿಲ್ಲುತ್ತದೆ. ದೋಣಿ ತೀರ ಹತ್ತಿರ ಬಂದ ಮೇಲೆ ಬಾಣ, ನಂತರದ ಕಾಲದಲ್ಲಿ ಕೋವಿ. ಅಮೆರಿಕದ ಚಿತ್ರಕಾರ ಜಾರ್ಜ್ ಕ್ಯಾಟ್ಲಿನ್ ತೊಗಟೆ ದೋಣಿಗಳಲ್ಲಿ ಪಂಜು ಹಿಡಿದು ಜಿಂಕೆ ಬೇಟೆಯಾಡುವ ದೃಶ್ಯವನ್ನು 1840ರ ದಶಕದಲ್ಲಿ ಚಿತ್ರಿಸಿದ್ದಾನೆ.

ಇದರಿಂದ ಹುಟ್ಟಿದ ಇನ್ನೊಂದು ಕಥೆ ಸ್ವಾರಸ್ಯವಾಗಿದೆ. ಜಾರ್ಜ್ ಶಿರಾಸ್ ಎಂಬ ವಕೀಲ ಮಿಷಿಗನ್ನಿನ ಕಾಡುಗಳಲ್ಲಿ ಓಜಿಬ್ವೆಗಳ ಈ ದೀಪದ ಬೇಟೆಯನ್ನು ಕಲಿತವನು. ಮುಂದೆ ಕೋವಿ ಬದಿಗಿಟ್ಟು ಅದೇ ದೋಣಿ, ಅದೇ ದೀಪದ ಹಿಂದೆ ಕ್ಯಾಮೆರಾ ಇಟ್ಟುಕೊಂಡು ಕೂತ. ಮಿಂಚುಪುಡಿ ಸಿಡಿಸಿ ರಾತ್ರಿ ಹೊತ್ತು ಅವನು ತೆಗೆದ ಪ್ರಾಣಿಗಳ ಚಿತ್ರಗಳನ್ನು ‘ನ್ಯಾಷನಲ್ ಜಿಯಾಗ್ರಫಿಕ್’ ಪತ್ರಿಕೆ 1906ರ ಜುಲೈ ಸಂಚಿಕೆಯಲ್ಲಿ ಪ್ರಕಟಿಸಿತು. ಒಟ್ಟು 74 ಚಿತ್ರಗಳು. ರಾತ್ರಿಯ ವನ್ಯಜೀವಿ ಛಾಯಾಗ್ರಹಣ ಆರಂಭವಾದದ್ದು ಹೀಗೆ.

ಮಾರಿದ ನೆಲ, ಮಾರದ ಹಕ್ಕು

1837ರ ಜುಲೈನಲ್ಲಿ ಇಂದಿನ ಮಿನ್ನೆಸೋಟದ ಸೇಂಟ್ ಪೀಟರ್ಸ್ ಎಂಬಲ್ಲಿ ಓಜಿಬ್ವೆ ಮುಖಂಡರೂ ಅಮೆರಿಕ ಸರ್ಕಾರದ ಪರವಾಗಿ ಹೆನ್ರಿ ಡಾಡ್ಜ್ ಎಂಬ ಗವರ್ನರೂ ಕೂತು ಒಪ್ಪಂದ ಮಾಡಿಕೊಂಡರು. ಸರ್ಕಾರಕ್ಕೆ ಬೇಕಿದ್ದದ್ದು ಪೈನ್ ಮರ. 1842ರಲ್ಲಿ ಲಾ ಪಾಯಿಂಟ್ ಎಂಬಲ್ಲಿ ಇನ್ನೊಂದು ಒಪ್ಪಂದವಾಯಿತು. ಆಗ ಬೇಕಿದ್ದದ್ದು ತಾಮ್ರದ ಅದಿರು. ಎರಡೂ ಸೇರಿ ವಿಸ್ಕಾನ್ಸಿನ್ನಿನ ಉತ್ತರದ ಸುಮಾರು ಮೂರನೇ ಒಂದು ಭಾಗ ಕೈಬದಲಾಯಿತು. ಆದರೆ ಓಜಿಬ್ವೆಗಳು ಒಂದು ಹಕ್ಕನ್ನು ಉಳಿಸಿಕೊಂಡರು. ಬಿಟ್ಟುಕೊಟ್ಟ ನೆಲದಲ್ಲಿ ಬೇಟೆಯಾಡುವ, ಮೀನು ಹಿಡಿಯುವ, ಕಾಡುಭತ್ತ ಕೊಯ್ಯುವ ಹಕ್ಕು ತಮ್ಮದೇ ಎಂದು ಬರೆಸಿಕೊಂಡರು. ಇದು ಸರ್ಕಾರ ಕೊಟ್ಟ ಉಡುಗೊರೆಯಲ್ಲ ಎಂಬುದನ್ನು ಗಮನಿಸಬೇಕು. ಮನೆ ಮಾರುವವನು ಹಿತ್ತಲಿನ ಬಾವಿಯ ನೀರಿನ ಹಕ್ಕನ್ನು ಇಟ್ಟುಕೊಂಡೇ ಪತ್ರ ಬರೆಸಿದ ಹಾಗೆ.

ಪತ್ರವೇನೋ ಆಯಿತು. 1850ರಲ್ಲಿ ಅಧ್ಯಕ್ಷ ಜಕಾರಿ ಟೇಲರ್ ಅವರನ್ನೆಲ್ಲ ಪಶ್ಚಿಮಕ್ಕೆ ಹೊರಡಿಸುವ ಆದೇಶಕ್ಕೆ ಸಹಿ ಹಾಕಿದ. ವರ್ಷವರ್ಷ ಕೊಡಬೇಕಿದ್ದ ಹಣ, ಸಾಮಾನುಗಳ ಹಂಚಿಕೆಯನ್ನು ಲಾ ಪಾಯಿಂಟ್‌ನಿಂದ ದೂರದ ಸ್ಯಾಂಡಿ ಲೇಕ್‌ಗೆ ಬದಲಾಯಿಸಲಾಯಿತು. ಅಲ್ಲಿಗೆ ಬಂದರೆ ಚಳಿಗಾಲ ಶುರುವಾಗಿ ಮರಳಲಾರದೆ ಅಲ್ಲೇ ಉಳಿಯುತ್ತಾರೆ ಎಂಬ ಲೆಕ್ಕಾಚಾರ. ಸಾವಿರಾರು ಜನ ಅಲ್ಲಿ ವಾರಗಟ್ಟಲೆ ಕಾದರು. ಬಂದದ್ದು ಸ್ವಲ್ಪ, ಅದೂ ಕೆಟ್ಟ ಆಹಾರ. ಕಾಯಿಲೆಯಿಂದ, ಹಸಿವಿನಿಂದ, ಮರಳುವ ದಾರಿಯ ಹಿಮದಲ್ಲಿ ಸುಮಾರು 400 ಮಂದಿ ಸತ್ತರು. 1852ರಲ್ಲಿ ಬಫೆಲೊ ಎಂಬ ಇಳಿವಯಸ್ಸಿನ ಮುಖಂಡ ದೋಣಿಯಲ್ಲಿ ಹೊರಟು ವಾಷಿಂಗ್ಟನ್‌ಗೆ ಹೋಗಿ ಅಧ್ಯಕ್ಷ ಮಿಲಾರ್ಡ್ ಫಿಲ್‌ಮೋರ್‌ನನ್ನು ಕಂಡು ಬಂದ. ಆದೇಶ ನಿಂತಿತು. 1854ರ ಒಪ್ಪಂದದಲ್ಲಿ ಅವರಿಗೆ ತಮ್ಮ ನಾಡಿನಲ್ಲೇ ಮೀಸಲು ಪ್ರದೇಶಗಳು ಸಿಕ್ಕವು.

ಮೀಸಲು ಪ್ರದೇಶದೊಳಗೆ ಉಳಿದರು, ಸರಿ. ಹೊರಗೆ ಕಾಲಿಟ್ಟರೆ? ರಾಜ್ಯಗಳು ಬೇಟೆಯ ಕಾನೂನುಗಳನ್ನು ಒಂದೊಂದಾಗಿ ತಂದವು. ವಿಸ್ಕಾನ್ಸಿನ್ 19ನೇ ಶತಮಾನದಲ್ಲೇ ರಾತ್ರಿ ಬೇಟೆಯನ್ನು ನಿಷೇಧಿಸಿತು. ಒಪ್ಪಂದದ ಮಾತು ಯಾರಿಗೂ ಬೇಡವಾಯಿತು. ಗೇಮ್ ವಾರ್ಡನ್‌ಗಳು ಓಜಿಬ್ವೆಗಳನ್ನು ಹಿಡಿದು ದಂಡ ಹಾಕುವುದು, ಜೈಲಿಗೆ ಕಳಿಸುವುದು ಮಾಮೂಲಾಯಿತು. ಅಜ್ಜನ ಕಾಲದ ಬೇಟೆ ಮೊಮ್ಮಗನ ಕಾಲಕ್ಕೆ ಕಳ್ಳಬೇಟೆ ಎನಿಸಿಕೊಂಡಿತು.

ಮಂಜಿನ ಮೇಲಿನ ಗೆರೆ

1974ರ ಚಳಿಗಾಲದಲ್ಲಿ ಲ್ಯಾಕ್ ಕೂರ್ಟ್ ಓರೆ ಎಂಬ ಮೀಸಲು ಪ್ರದೇಶದ ಟ್ರಿಬಲ್ ಸಹೋದರರು ಚೀಫ್ ಲೇಕ್ ಎಂಬ ಸರೋವರದ ಹೆಪ್ಪುಗಟ್ಟಿದ ನೀರಿನ ಮೇಲೆ ಗಡಿರೇಖೆ ದಾಟಿ, ಮಂಜಿನಲ್ಲಿ ತೂತು ಕೊರೆದು ಈಟಿಯಿಂದ ಮೀನು ಹಿಡಿದರು. ವಾರ್ಡನ್‌ಗಳು ಕೇಸು ಹಾಕಿದರು. ಆ ಪಂಗಡ ಫೆಡರಲ್ ನ್ಯಾಯಾಲಯಕ್ಕೆ ಹೋಯಿತು. 1978ರಲ್ಲಿ ನ್ಯಾಯಾಧೀಶ ಜೇಮ್ಸ್ ಡಾಯ್ಲ್ ಪಂಗಡದ ವಿರುದ್ಧ ತೀರ್ಪಿತ್ತರು. 1983ರ ಜನವರಿಯಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ತಿರುಗಿಸಿತು. ಒಪ್ಪಂದದ ಹಕ್ಕು ಜೀವಂತವಾಗಿಯೇ ಇದೆ ಎಂದಿತು.

ಹಕ್ಕಿದೆ ಎಂದಾದ ಮೇಲೆ ಅದರ ಮಿತಿಯೇನು ಎಂಬ ಪ್ರಶ್ನೆ ಎದ್ದಿತು. ಪ್ರಕರಣ ಮತ್ತೆ ಡಾಯ್ಲ್ ಅವರ ಮುಂದೆಯೇ ಬಂತು. 1987ರಲ್ಲಿ ಅವರು, ಒಪ್ಪಂದದ ಕಾಲದಲ್ಲಿ ಓಜಿಬ್ವೆಗಳು ಬಳಸುತ್ತಿದ್ದ ಸಂಪನ್ಮೂಲಗಳನ್ನು ಇಂದಿನ ಸಲಕರಣೆಗಳಿಂದಲೂ ಪಡೆಯಬಹುದು ಎಂದರು. ಬರ್ಚ್ ತೊಗಟೆಯ ಪಂಜೇ ಬೇಕೆಂದಿಲ್ಲ, ಬ್ಯಾಟರಿ ದೀಪವೂ ನಡೆಯುತ್ತದೆ ಎಂದಂತಾಯಿತು. ಜೊತೆಗೆ ಮುಂದಿನ ವಿವಾದಕ್ಕೆಲ್ಲ ಬುನಾದಿಯಾದ ಒಂದು ಸೂತ್ರವನ್ನೂ ಕೊಟ್ಟರು. ಪ್ರಾಣಿಗಳ ಉಳಿವಿಗೆ, ಜನರ ಆರೋಗ್ಯಕ್ಕೆ ಅಥವಾ ಸುರಕ್ಷತೆಗೆ ನಿಜವಾಗಿ ಅಗತ್ಯವಿದ್ದರೆ ಮಾತ್ರ ರಾಜ್ಯ ಈ ಹಕ್ಕಿಗೆ ಕಡಿವಾಣ ಹಾಕಬಹುದು. ಬುಡಕಟ್ಟುಗಳೇ ಪರಿಣಾಮಕಾರಿಯಾಗಿ ತಮ್ಮನ್ನು ನಿಯಂತ್ರಿಸಿಕೊಂಡರೆ ರಾಜ್ಯ ತಲೆಹಾಕುವಂತಿಲ್ಲ. ಡಾಯ್ಲ್ ಅದೇ ವರ್ಷ ತೀರಿಕೊಂಡರು; ಪ್ರಕರಣ ಬಾರ್ಬರಾ ಕ್ರ್ಯಾಬ್ ಎಂಬ ನ್ಯಾಯಾಧೀಶೆಗೆ ಹೋಯಿತು.

ಬುಡಕಟ್ಟುಗಳು ಅಷ್ಟರಲ್ಲಿ ಸುಮ್ಮನೆ ಕೂತಿರಲಿಲ್ಲ. 1984ರಲ್ಲಿಯೇ ಒಟ್ಟಾಗಿ ‘ಗ್ರೇಟ್ ಲೇಕ್ಸ್ ಇಂಡಿಯನ್ ಫಿಶ್ ಅಂಡ್ ವೈಲ್ಡ್‌ಲೈಫ್ ಕಮಿಷನ್’ ಎಂಬ ಆಯೋಗ ಕಟ್ಟಿಕೊಂಡಿದ್ದರು. ಮೂರು ರಾಜ್ಯಗಳ 11 ಪಂಗಡಗಳು ಇದರ ಸದಸ್ಯರು. ಆಯೋಗಕ್ಕೆ ತನ್ನದೇ ಜೀವವಿಜ್ಞಾನಿಗಳಿದ್ದಾರೆ, ತನ್ನದೇ ವಾರ್ಡನ್‌ಗಳಿದ್ದಾರೆ. ತಪ್ಪು ಮಾಡಿದ ಬೇಟೆಗಾರನನ್ನು ಬುಡಕಟ್ಟಿನ ನ್ಯಾಯಾಲಯದಲ್ಲೇ ನಿಲ್ಲಿಸುತ್ತಾರೆ.

ಹೊರಗಿನ ವಾತಾವರಣ ಮಾತ್ರ ಕಹಿಯಾಗಿತ್ತು. 1980ರ ದಶಕದ ಕೊನೆಯ ವಸಂತಗಳಲ್ಲಿ ಓಜಿಬ್ವೆಗಳು ದೀಪ ಹಿಡಿದು ಈಟಿಯಿಂದ ಮೀನು ಹಿಡಿಯಲು ಹೋದಾಗ ದೋಣಿಕಟ್ಟೆಗಳಲ್ಲಿ ನೂರಾರು ಬಿಳಿಯರು ಸೇರಿ ಬೈಯುತ್ತಿದ್ದರು, ಕಲ್ಲೆಸೆಯುತ್ತಿದ್ದರು. ಪೊಲೀಸರು ಸಾಲುಗಟ್ಟಿ ನಿಂತು ಕಾಯಬೇಕಾಯಿತು. ಆ ದಿನಗಳಲ್ಲಿ ರಾತ್ರಿ ಕೋವಿ ಹಿಡಿದು ಕಾಡಿಗೆ ಹೋಗುವ ಮಾತನ್ನು ಸಮಾಧಾನದಿಂದ ಕೇಳುವವರು ಎಷ್ಟು ಜನ ಇದ್ದಿರಬಹುದು? 1990ರಲ್ಲಿ ಕ್ರ್ಯಾಬ್, ದೀಪ ಹಾಕಿ ಜಿಂಕೆ ಹೊಡೆಯುವುದು ಜನರ ಸುರಕ್ಷತೆಗೆ ಅಪಾಯ ಎಂಬ ರಾಜ್ಯದ ವಾದವನ್ನು ಒಪ್ಪಿದರು. 1991ರ ಅಂತಿಮ ತೀರ್ಪಿನಲ್ಲಿ ಈ ನಿಷೇಧ ಸೇರಿಹೋಯಿತು. ಎರಡೂ ಕಡೆಯವರು ಮೇಲ್ಮನವಿ ಸಲ್ಲಿಸಲಿಲ್ಲ. ಮೇಲ್ಮನವಿ ಬೇಡವೆಂದು ರಾಜ್ಯದ ಪರ ನಿರ್ಧರಿಸಿದ ಅಟಾರ್ನಿ ಜನರಲ್, ತೀರಿಕೊಂಡ ನ್ಯಾಯಾಧೀಶ ಡಾಯ್ಲ್ ಅವರ ಮಗನೇ ಆಗಿದ್ದರು.

ತೋಳಕ್ಕೊಂದು ನ್ಯಾಯ

ಇಪ್ಪತ್ತು ವರ್ಷ ಹಾಗೇ ಕಳೆಯಿತು. ಅಷ್ಟರಲ್ಲಿ ಎರಡು ಬದಲಾವಣೆಗಳಾದವು. 2002ರಲ್ಲಿ ವಿಸ್ಕಾನ್ಸಿನ್ನಿನ ಜಿಂಕೆಗಳಲ್ಲಿ ಮೆದುಳನ್ನು ಕೊರೆಯುವ ಒಂದು ಮಾರಕ ಕಾಯಿಲೆ ಪತ್ತೆಯಾಯಿತು. ಅವುಗಳ ಸಂಖ್ಯೆ ತಗ್ಗಿಸಲು ರಾಜ್ಯ ಸರ್ಕಾರವೇ ಗುರಿಕಾರರನ್ನು ಇಟ್ಟು ರಾತ್ರಿ ಹೊತ್ತು ಜಿಂಕೆ ಹೊಡೆಸಿತು.

ಎರಡನೆಯದು ತೋಳ. 2012ರ ಏಪ್ರಿಲ್‌ನಲ್ಲಿ ರಾಜ್ಯ ತೋಳದ ಬೇಟೆಗೆ ಅವಕಾಶ ಕೊಡುವ ಕಾನೂನು ಮಾಡಿತು. ಅದರಲ್ಲಿ ರಾತ್ರಿ ಬೇಟೆಗೂ ಅನುಮತಿ ಇತ್ತು. ಓಜಿಬ್ವೆಗಳ ಸೃಷ್ಟಿಕಥೆಯಲ್ಲಿ ಮೊದಲ ಮನುಷ್ಯನ ಜೊತೆ ಭೂಮಿಯನ್ನೆಲ್ಲ ಸುತ್ತಿದ್ದು ಮಾಈಂಗನ್, ಅಂದರೆ ತೋಳ. ಅವರಿಬ್ಬರೂ ಅಣ್ಣತಮ್ಮಂದಿರು, ಒಬ್ಬನಿಗೆ ಆದದ್ದು ಇನ್ನೊಬ್ಬನಿಗೂ ಆಗುತ್ತದೆ ಎಂಬುದು ನಂಬಿಕೆ. ಆ ವರ್ಷ ಒಟ್ಟು 201 ತೋಳಗಳ ಬೇಟೆಗೆ ಮಿತಿ ಗೊತ್ತಾಯಿತು. ಅದರಲ್ಲಿ ಒಪ್ಪಂದದ ಪ್ರಕಾರ 85 ತಮ್ಮ ಪಾಲು ಎಂದು ಬುಡಕಟ್ಟುಗಳು ಪಡೆದವು. ಪಡೆದು, ಒಂದನ್ನೂ ಹೊಡೆಯಲಿಲ್ಲ! ಹಕ್ಕನ್ನು ಹೀಗೂ ಬಳಸಬಹುದು ಎಂದು ಈ ವರದಿಗಾರನಿಗೆ ತಿಳಿದದ್ದು ಈ ಪ್ರಕರಣದಿಂದಲೇ.

ಕಾನೂನಿನ ದೃಷ್ಟಿಯಿಂದ ತೋಳದ ಕಾಯಿದೆ ಅವರ ಕೈಗೆ ಒಂದು ಆಯುಧವನ್ನೂ ಕೊಟ್ಟಿತು. ತೋಳವನ್ನು ರಾತ್ರಿ ಹೊಡೆಯುವುದು ಅಪಾಯವಲ್ಲವಾದರೆ ಜಿಂಕೆಯನ್ನು ಹೊಡೆಯುವುದು ಹೇಗೆ ಅಪಾಯ? ನರಿ, ಕೊಯೊಟಿ, ರಕೂನ್‌ಗಳನ್ನಂತೂ ಆ ರಾಜ್ಯದಲ್ಲಿ ಮೊದಲಿನಿಂದಲೂ ರಾತ್ರಿ ಹೊಡೆಯುತ್ತಿದ್ದರು.

ನಿಯಮಗಳಲ್ಲಿ ಇದ್ದದ್ದೇನು?

ಅಪಾಯವೇ ಇಲ್ಲ ಎಂದು ಬುಡಕಟ್ಟುಗಳು ಹೇಳಲಿಲ್ಲ ಎಂಬುದು ಗಮನಾರ್ಹ. ಜಿಂಕೆ ಹೊಡೆಯುವ ರೈಫಲ್ಲಿನ ಗುಂಡು ತಡೆಯಿಲ್ಲದಿದ್ದರೆ ಎರಡು ಮೂರು ಕಿಲೋಮೀಟರ್ ಹೋಗಬಲ್ಲದು. ಹಗಲಿನಲ್ಲಾದರೆ ಪ್ರಾಣಿಯ ಹಿಂದೆ ಏನಿದೆ ಎಂದು ಕಾಣುತ್ತದೆ. ರಾತ್ರಿ ದೀಪದ ವೃತ್ತದಾಚೆ ಎಲ್ಲವೂ ಕಪ್ಪು. ಅಲ್ಲಿ ಮನೆ ಇರಬಹುದು, ರಸ್ತೆ ಇರಬಹುದು, ಇನ್ನೊಬ್ಬ ಬೇಟೆಗಾರನಿರಬಹುದು. ಹೊಳೆಯುವ ಎರಡು ಕಣ್ಣು ಜಿಂಕೆಯದೇ ಎಂಬ ಖಾತ್ರಿಯೂ ಇಲ್ಲ; ದನದ ಕಣ್ಣೂ ಹೊಳೆಯುತ್ತದೆ. ನಮ್ಮ ಮಲೆನಾಡಿನಲ್ಲಿ ತಲೆಗೆ ಬ್ಯಾಟರಿ ಕಟ್ಟಿಕೊಂಡು ರಾತ್ರಿ ಈಡಿಗೆ ಹೋದವರು ಪ್ರಾಣಿಯೆಂದು ಮನುಷ್ಯನಿಗೇ ಗುಂಡು ಹಾರಿಸಿದ ಸುದ್ದಿಗಳು ಪತ್ರಿಕೆಗಳಿಗೆ ಹೊಸದಲ್ಲ. (ನಮ್ಮಲ್ಲಿ 1972ರ ವನ್ಯಜೀವಿ ಕಾಯಿದೆಯ ಪ್ರಕಾರ ಜಿಂಕೆ ಬೇಟೆ ಅಪರಾಧ. ಅಲ್ಲಿನ ಬಿಳಿಬಾಲದ ಜಿಂಕೆಯ ಸ್ಥಿತಿ ಬೇರೆ. ವಿಸ್ಕಾನ್ಸಿನ್ನಿನ ಒಂಬತ್ತು ದಿನಗಳ ಕೋವಿ ಬೇಟೆಗೆ ಆರು ಲಕ್ಷದಷ್ಟು ಜನ ಕಾಡಿಗೆ ಇಳಿಯುತ್ತಾರೆ.)

ಬುಡಕಟ್ಟುಗಳ ನಿಯಮಾವಳಿ ಈ ಅಪಾಯವನ್ನೇ ಎದುರಿಟ್ಟುಕೊಂಡು ಬರೆದದ್ದು. ರಾತ್ರಿ ಬೇಟೆಗೆ ಪ್ರತ್ಯೇಕ ಪರವಾನಗಿ ಬೇಕು. ಅದಕ್ಕೆ ಮೊದಲು ಬೇಟೆಗಾರ ಸುರಕ್ಷತೆಯ ವಿಶೇಷ ತರಬೇತಿ ಮುಗಿಸಬೇಕು. ಕತ್ತಲಲ್ಲಿ ಗುರಿ ಹೊಡೆಯುವ ಪರೀಕ್ಷೆಯಲ್ಲಿ ಪಾಸಾಗಬೇಕು. ಹಗಲು ಚೆನ್ನಾಗಿ ಹೊಡೆಯುತ್ತಾನೆ ಎಂದರೆ ಸಾಲದು.

ಎಲ್ಲಕ್ಕಿಂತ ಮುಖ್ಯವಾದದ್ದು ‘ಶೂಟಿಂಗ್ ಪ್ಲಾನ್’. ಬೇಟೆಗಾರ ತಾನು ಕೂರುವ ಜಾಗವನ್ನು ಮೊದಲೇ ಆರಿಸಬೇಕು. ಹಗಲಿನಲ್ಲಿ ಅಲ್ಲಿಗೆ ಹೋಗಿ ನೋಡಬೇಕು. ಎಲ್ಲಿ ಮನೆ, ಎಲ್ಲಿ ರಸ್ತೆ, ಎಲ್ಲಿ ಕಾಲುದಾರಿ ಎಂದು ತಿಳಿದು ನಕ್ಷೆ ಬರೆಯಬೇಕು. ಯಾವ ದಿಕ್ಕಿನಿಂದ ಯಾವ ದಿಕ್ಕಿನವರೆಗೆ ಗುಂಡು ಹಾರಿಸಬಹುದು ಎಂಬ ಗೆರೆ ಹಾಕಬೇಕು. ಆ ಗೆರೆಯೊಳಗೆ ಗುಂಡನ್ನು ತಡೆದು ನುಂಗುವ ಮಣ್ಣಿನ ದಿಬ್ಬವೋ ನೆಲದ ಏರೋ ಇರಬೇಕು. ಆ ನಕ್ಷೆಗೆ ಒಪ್ಪಿಗೆ ಸಿಗಬೇಕು. ರಾತ್ರಿ ಬಂದಾಗ ಅಲ್ಲೇ ಕೂತು ಹೊಡೆಯಬೇಕು. ದೀಪ ಹಾಕಿಕೊಂಡು ಕಾಡೆಲ್ಲ ಸುತ್ತುವಂತಿಲ್ಲ. ದೀಪ ಬೆಳಗುವುದು ಹೊಡೆಯುವ ಹೊತ್ತಿನಲ್ಲಿ ಮಾತ್ರ. ಗೆರೆಯಾಚೆ ಎಂಥ ದೊಡ್ಡ ಕೋಡಿನ ಗಂಡು ಜಿಂಕೆ ನಿಂತಿದ್ದರೂ ಕುದುರೆ ಎಳೆಯುವಂತಿಲ್ಲ. ರಾಜ್ಯದ ಸಾಮಾನ್ಯ ಬೇಟೆಗಾರನಿಗೆ ಹಗಲಿನಲ್ಲಿ ಇಷ್ಟೊಂದು ಕಟ್ಟುಪಾಡು ಇರಲಿಲ್ಲ. ಅದು ಹಗಲು, ಇದು ರಾತ್ರಿ ಎಂಬುದನ್ನೂ ಒಪ್ಪಬೇಕು.

2012ರ ನವೆಂಬರ್ 26ರಂದು, ರಾಜ್ಯದ ಕೋವಿ ಬೇಟೆಯ ಹಂಗಾಮು ಮುಗಿದ ಮರುದಿನ, ಇದು ಶುರುವಾಗಬೇಕಿತ್ತು. ನ್ಯಾಯಾಲಯದಲ್ಲಿ ತಡೆಯಿತು. ನ್ಯಾಯಾಧೀಶೆ ಮತ್ತೆ ಕ್ರ್ಯಾಬ್ ಅವರೇ. 1991ರ ಆದೇಶವನ್ನು ಬದಲಿಸುವಷ್ಟು ಪರಿಸ್ಥಿತಿ ಬದಲಾಗಿಲ್ಲ ಎಂದು 2013ರಲ್ಲಿ ವಿಚಾರಣೆಯ ನಂತರ ಅವರು ಬುಡಕಟ್ಟುಗಳ ಕೋರಿಕೆಯನ್ನು ತಳ್ಳಿಹಾಕಿದರು.

ಮೇಲ್ಮನವಿ ಷಿಕಾಗೊದ ನ್ಯಾಯಾಲಯಕ್ಕೆ ಹೋಯಿತು. 2014ರ ಅಕ್ಟೋಬರ್‌ನಲ್ಲಿ ನ್ಯಾಯಾಧೀಶ ರಿಚರ್ಡ್ ಪೋಸ್ನರ್ ತೀರ್ಪು ಬರೆದರು. ಅವರು ಕೇಳಿದ್ದು ನೇರವಾದ ಪ್ರಶ್ನೆ: ಅಪಾಯ ಎನ್ನುವುದಕ್ಕೆ ಪುರಾವೆ ಎಲ್ಲಿ? 1990ರ ಹೊತ್ತಿಗೆ ಅನುಭವ ಕಡಿಮೆ ಇತ್ತು, ಭಯ ಸಹಜವಾಗಿತ್ತು. ಈಗ ಆರೆಗಾನ್, ವಾಷಿಂಗ್ಟನ್‌ನಂಥ ಬೇರೆ ರಾಜ್ಯಗಳಲ್ಲಿ ಬುಡಕಟ್ಟಿನವರು ರಾತ್ರಿ ಬೇಟೆಯಾಡಿದ ಅನುಭವವಿದೆ. ವಿಸ್ಕಾನ್ಸಿನ್ ಸರ್ಕಾರ ತಾನೇ ರಾತ್ರಿ ಜಿಂಕೆ ಹೊಡೆಸಿದೆ. ಬಿಟ್ಟುಕೊಟ್ಟ ಪ್ರದೇಶವಂತೂ ಜನವಿರಳ. ಇಷ್ಟೆಲ್ಲ ಇರುವಾಗ ಹಳೆಯ ನಿಷೇಧವನ್ನು ಉಳಿಸಲು ಕಾರಣ ಹೇಳಬೇಕಾದದ್ದು ರಾಜ್ಯ ಎಂದು ಪ್ರಕರಣವನ್ನು ಹಿಂದಕ್ಕೆ ಕಳಿಸಿದರು. 2015ರ ಅಕ್ಟೋಬರ್‌ನಲ್ಲಿ ಕ್ರ್ಯಾಬ್ ನಿಷೇಧವನ್ನು ತೆಗೆದುಹಾಕಿದರು. 25 ವರ್ಷಗಳ ಹಿಂದೆ ಅದನ್ನು ಎತ್ತಿಹಿಡಿದವರೇ ಅದನ್ನು ತೆಗೆದದ್ದು. ತಮ್ಮದೇ ತೀರ್ಪನ್ನು ಹೀಗೆ ತಿರುವಿ ಹಾಕುವ ಸಂದರ್ಭ ನ್ಯಾಯಾಧೀಶರಿಗೆ ಅಪರೂಪ.

ಇದರ ನಡುವೆ 1999ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಮಿನ್ನೆಸೋಟದ ಮಿಲ್ ಲ್ಯಾಕ್ಸ್ ಪಂಗಡದ ಪ್ರಕರಣದಲ್ಲಿ 1837ರ ಒಪ್ಪಂದದ ಹಕ್ಕುಗಳು ಉಳಿದಿವೆ ಎಂದು ಹೇಳಿತ್ತು. ಸ್ಯಾಂಡಿ ಲೇಕ್ ದುರಂತಕ್ಕೆ ಕಾರಣವಾದ 1850ರ ಆದೇಶ ಆ ಹಕ್ಕುಗಳನ್ನು ಅಳಿಸಿಲ್ಲ ಎಂಬುದೂ ಆ ತೀರ್ಪಿನಲ್ಲಿತ್ತು. ಐದು ನ್ಯಾಯಮೂರ್ತಿಗಳು ಪರ, ನಾಲ್ವರು ವಿರುದ್ಧ. ಇನ್ನೊಬ್ಬರು ಆಚೆ ಹೋಗಿದ್ದರೆ ಬಫೆಲೊ ವಾಷಿಂಗ್ಟನ್‌ಗೆ ಹೋಗಿ ಬಂದದ್ದೂ ಈ ಹಕ್ಕನ್ನು ಉಳಿಸುತ್ತಿರಲಿಲ್ಲ.

ಅಂದಿನ ದೋಣಿಯ ಬೇಟೆಗೂ 2012ರ ನಿಯಮಾವಳಿಯ ಬೇಟೆಗೂ ಹೋಲಿಕೆ ಕಡಿಮೆಯೇ. ಬೇಸಿಗೆಯ ಸರೋವರದ ಜಾಗದಲ್ಲಿ ಹಿಮ ಬೀಳುವ ಕಾಡು ಬಂದಿದೆ. ಪಂಜು ಹೋಗಿ ಬ್ಯಾಟರಿ ಬಂದಿದೆ. ಹುಟ್ಟು ಹಾಕುವ ಜೊತೆಗಾರನಿಲ್ಲ, ಜೇಬಿನಲ್ಲಿ ಒಪ್ಪಿಗೆ ಪಡೆದ ನಕ್ಷೆಯಿದೆ. ಬೇಟೆಗಾರ ಮಧ್ಯಾಹ್ನವೇ ಒಮ್ಮೆ ಬಂದು, ಎದುರಿನ ದಿಬ್ಬವನ್ನೂ ದಿಬ್ಬದಾಚೆಯ ದಾರಿಯನ್ನೂ ನೋಡಿಕೊಂಡು, ಚಿಟಿಕೆ ಹೊಗೆಸೊಪ್ಪು ನೆಲಕ್ಕೆ ಹಾಕಿ, ಕತ್ತಲಾಗುವುದನ್ನು ಕಾಯುತ್ತಾನೆ.